ಆ ಬೆಕ್ಕಿನ ಮೇಲೆ ನನಗೇಕೆ ಸಿಟ್ಟು ಬಂತು?

ಮೊನ್ನೆ ಶನಿವಾರ ಜೇಮ್ಸ್ ಎಂ. ಕೇನ್ ಬರೆದ 'ದಿ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್' ಕೈಗೆತ್ತಿಕೊಂಡೆ. ಮಧ್ಯಾಹ್ನ ಊಟ ಮಾಡಿ ಕೂತವನು ಸಂಜೆ ಕಾಫಿ ಹೊತ್ತಿಗೆ ಮುಗಿಸಿಬಿಟ್ಟಿದ್ದೆ. 1934ರ ಪುಸ್ತಕ, ನೂರು ಚಿಲ್ಲರೆ ಪುಟ, ಹದಿನಾರೇ ಅಧ್ಯಾಯ.

ಇದರ ಬೇರು 1927ರ ಒಂದು ನಿಜವಾದ ಕೊಲೆಯಲ್ಲಿದೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ರೂತ್ ಸ್ನೈಡರ್ ಎಂಬಾಕೆ, ಹೆಂಗಸರ ಒಳಉಡುಪು ಮಾರುತ್ತಿದ್ದ ಜಡ್ ಗ್ರೇ ಎಂಬ ಪ್ರಿಯಕರನ ಜೊತೆ ಸೇರಿ ಗಂಡ ಆಲ್ಬರ್ಟ್‌ನನ್ನು ಕೊಂದಳು. ಅದಕ್ಕೂ ಮುಂಚೆ ಅವನ ಹೆಸರಲ್ಲಿ ದೊಡ್ಡ ವಿಮೆ ಮಾಡಿಸಿದ್ದಳು. 1928ರ ಜನವರಿ 12ರಂದು ಇಬ್ಬರಿಗೂ ಸಿಂಗ್ ಸಿಂಗ್ ಜೈಲಿನಲ್ಲಿ ವಿದ್ಯುತ್ ಕುರ್ಚಿ. ಟಾಮ್ ಹೊವರ್ಡ್ ಎಂಬ ಛಾಯಾಗ್ರಾಹಕ ಕಾಲಿಗೆ ಕ್ಯಾಮರಾ ಕಟ್ಟಿಕೊಂಡು ಒಳಹೊಕ್ಕು ಆಕೆ ಸಾಯುವ ಕ್ಷಣದ ಫೋಟೋ ತೆಗೆದ. ಮರುದಿನ ಅದು 'ಡೈಲಿ ನ್ಯೂಸ್' ಮುಖಪುಟದಲ್ಲಿ! (ಈಗಿನ ಟಿವಿಯವರನ್ನು ಬೈಯುವ ಮುಂಚೆ ಇದನ್ನು ನೆನಪಿಸಿಕೊಳ್ಳಬೇಕು.) ಆಗ ಕೇನ್ ಅದೇ ಊರಿನಲ್ಲಿ ಪತ್ರಕರ್ತ. ಆಮೇಲೆ ಹಾಲಿವುಡ್‌ಗೆ ಹೋದ, ಕಥೆಯೂ ಅವನ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೋಯಿತು.

ಆರ್ಥಿಕ ಕುಸಿತದ ಕಾಲ. ಅಲೆಮಾರಿ ಫ್ರಾಂಕ್ ರಸ್ತೆ ಬದಿಯ ಹೋಟೆಲಿಗೆ ಬರುತ್ತಾನೆ. ಯಜಮಾನ ನಿಕ್, ಗ್ರೀಸಿನಿಂದ ಬಂದವನು. ಅವನ ಹೆಂಡತಿ ಕೋರಾ. ಮುಂದಿನದು ನಿಮಗೆ ಗೊತ್ತಾಗಿಯೇ ಇರುತ್ತದೆ.

ಕೇನ್‌ನ ವೇಗದ ಗುಟ್ಟು ಸಂಭಾಷಣೆಯಲ್ಲಿದೆ. 'ಎಂದಳು', 'ಎಂದನು' ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಯೋಚಿಸಲು ಬಿಡುವೇ ಸಿಗುವುದಿಲ್ಲ. ಮೊದಲ ಸಲ ನಿಕ್‌ನನ್ನು ಬಚ್ಚಲಿನಲ್ಲಿ ಮುಗಿಸಲು ನೋಡುತ್ತಾರೆ. ಅಷ್ಟರಲ್ಲಿ ಬೆಕ್ಕೊಂದು ಫ್ಯೂಸ್ ಬಾಕ್ಸಿನ ಮೇಲೆ ಕಾಲಿಟ್ಟು ಕರೆಂಟು ಹೋಗುತ್ತದೆ, ನಿಕ್ ಬದುಕುತ್ತಾನೆ. ನಿಜ ಹೇಳಲಾ? ನನಗೆ ಆ ಬೆಕ್ಕಿನ ಮೇಲೆ ಸಿಟ್ಟು ಬಂತು! ಎರಡು ಪುಟ ಆದಮೇಲೆ ಛೇ, ನಾನು ಯಾರ ಪರ ನಿಂತಿದ್ದೀನಿ ಅನ್ನಿಸಿತು.

ಪುಸ್ತಕದ ಶಕ್ತಿ ಇದೇ, ನನ್ನ ತಕರಾರೂ ಇದೇ. ನಿಕ್ ಒಳ್ಳೆಯವನು. ಹಾಡುತ್ತಾನೆ, ನಗುತ್ತಾನೆ, ಫ್ರಾಂಕ್‌ನನ್ನು ನಂಬುತ್ತಾನೆ. ಆದರೆ ಫ್ರಾಂಕ್‌ನ ಬಾಯಲ್ಲಿ ಅವನು ಬರೀ 'ಗ್ರೀಕ್'. ಕೋರಾಗೂ ತಾನು ಬಿಳಿಯಳು ಅನ್ನುವುದೇ ದೊಡ್ಡ ಚಿಂತೆ. ಕಥೆ ಎಲ್ಲಾದರೂ ನಿಂತಿದ್ದರೆ ನಿಕ್ ಮನುಷ್ಯನಾಗಿ ಕಾಣುತ್ತಿದ್ದ. ಆಗ ನಮಗೆ ಓಡಲು ಆಗುತ್ತಿರಲಿಲ್ಲ.

ಕೋರ್ಟಿನ ಭಾಗ ಮಾತ್ರ ಬಹಳ ಇಷ್ಟವಾಯಿತು. ನ್ಯಾಯ ತೀರ್ಮಾನವಾಗುವುದು ಸಾಕ್ಷಿಯಿಂದಲ್ಲ, ವಿಮಾ ಕಂಪನಿಗಳು ಯಾವುದು ಅಗ್ಗ ಅಂತ ಹಾಕುವ ಲೆಕ್ಕದಿಂದ. ಆದರೆ ಆಮೇಲೆ ಪುಸ್ತಕ ಎಡವುತ್ತದೆ. ಕಾಡುಪ್ರಾಣಿ ಪಳಗಿಸುವ ಹೆಂಗಸೊಬ್ಬಳು ಎಲ್ಲಿಂದಲೋ ಬರುತ್ತಾಳೆ, ಫ್ರಾಂಕ್ ಅವಳ ಜೊತೆ ತಿರುಗಲು ಹೋಗುತ್ತಾನೆ. ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ಇನ್ನು ಇಡೀ ಕಾದಂಬರಿಯಲ್ಲಿ ಪೋಸ್ಟ್‌ಮನ್ ಬರುವುದೇ ಇಲ್ಲ. ವೇರಿಯಬಲ್ ಡಿಕ್ಲೇರ್ ಮಾಡಿ ಬಳಸದೇ ಬಿಟ್ಟ ಹಾಗೆ :-) ಕೇನ್ ಇಟ್ಟಿದ್ದ ಹೆಸರು 'ಬಾರ್-ಬಿ-ಕ್ಯೂ', ಅದು ಪ್ರಕಾಶಕ ನಾಫ್‌ಗೆ ಹಿಡಿಸಲಿಲ್ಲ.

ಸೆನ್ಸಾರ್ ಭಯದಿಂದ ಹಾಲಿವುಡ್ ಇದನ್ನು ಸಿನಿಮಾ ಮಾಡಲು 1946ರವರೆಗೆ ಕಾಯಿತು. ಅಷ್ಟರಲ್ಲಿ ಇಟಲಿಯ ವಿಸ್ಕೊಂಟಿ ಹಕ್ಕು ಕೊಳ್ಳದೆಯೇ 1943ರಲ್ಲಿ 'ಒಸ್ಸೆಸ್ಸಿಯೋನೆ' ತೆಗೆದಾಗಿತ್ತು. ತಾನು 'ದಿ ಔಟ್‌ಸೈಡರ್' ಬರೆಯಲು ಇದೇ ಕಾದಂಬರಿ ಪ್ರೇರಣೆ ಅಂತ ಕಮೂ ಹೇಳಿದ್ದನಂತೆ.

ಕೊನೆ ಹೇಳಲ್ಲ, ಓದಿ. ಆದರೆ ಒಂದು ಕಡೆ ದಯವಿಟ್ಟು ನಿಲ್ಲಿ. ಬೆಟ್ಟದ ದಾರಿಯಲ್ಲಿ ಕಾರಿನೊಳಗೆ ಕೂತ ನಿಕ್, ಪ್ರತಿಧ್ವನಿ ಕೇಳಲು ಹಾಡುತ್ತಾನೆ. ಆಗಲೇ ಫ್ರಾಂಕ್ ಹೊಡೆಯುವುದು. ನಿಕ್ ಸತ್ತ ಮೇಲೆ ಅವನ ದನಿ ಬೆಟ್ಟದಿಂದ ವಾಪಸ್ ಬರುತ್ತದೆ.