ನಿಮ್ಮ ಸೆಟ್ಟಿಂಗ್ಸ್ ಕ್ಲೌಡ್‌ಗೆ ಹೋಗ್ತಿವೆ. ಕೀಲಿ ಯಾರ ಕೈಲಿದೆ?

ಬೆಂಗಳೂರಲ್ಲಿ ಕೆಲಸ ಮಾಡೋ ಸಂಪಿಗೆಯ ಯುವತಿಯೊಬ್ಬರು ಶನಿವಾರ ಊರಿಗೆ ಬಂದು ಮನೆಯ ಹಳೇ ಲ್ಯಾಪ್‌ಟಾಪ್ ತೆಗೆಯುತ್ತಾರೆ ಅಂದ್ಕೊಳ್ಳಿ. ಅಲ್ಲಿನ ಕಂಪ್ಯೂಟರಿಗೆ ಕಲಿಸಿದ ‘ಹೊಂಬಾಳೆ’, ‘ಕುರುಂಬೆ’ಗಳು ಇದಕ್ಕೆ ಗೊತ್ತೇ ಇಲ್ಲ, ಎಲ್ಲದಕ್ಕೂ ಕೆಂಪು ಗೆರೆ. ಆ ಪದಗಳು ಇರೋದು ಲಿಬ್ರೆ ಆಫೀಸ್‌ನ ಒಂದು ಪುಟ್ಟ ಪಠ್ಯ ಕಡತದಲ್ಲಿ. ಇಂಥವೇ ಕಾನ್ಫಿಗರೇಶನ್ ಕಡತಗಳು: ನಾವು ಆ್ಯಪ್‌ಗೆ ಹೇಳಿಕೊಟ್ಟದ್ದರ ನೆನಪು. ಲಿನಕ್ಸ್‌ನಲ್ಲಿ ಇವು ಹೆಚ್ಚಾಗಿ ಚುಕ್ಕಿಯಿಂದ ಶುರುವಾಗುವ, ಕಣ್ಣಿಗೆ ಬೀಳದ ಫೋಲ್ಡರ್‌ಗಳಲ್ಲಿರುತ್ತವೆ, ವಿಂಡೋಸ್‌ನಲ್ಲಿ ಆ್ಯಪ್‌ಡೇಟಾದಲ್ಲಿ.

ಎರಡೂ ಕಡೆ ಒಂದೇ ಥರ ಇರಬೇಕಂದ್ರೆ ಸುಲಭದ ದಾರಿ, ಕಡತವನ್ನು ಡ್ರಾಪ್‌ಬಾಕ್ಸ್‌ನಂಥ ಫೋಲ್ಡರಿಗೆ ಸರಿಸಿ ಹಳೇ ಜಾಗದಲ್ಲಿ ಅದಕ್ಕೊಂದು ಸಿಂಬಾಲಿಕ್ ಲಿಂಕ್ ಇಡೋದು. ಕೆಲವು ಆ್ಯಪ್‌ಗಳು ಸೇವ್ ಮಾಡುವಾಗ ಲಿಂಕನ್ನೇ ಅಳಿಸಿ ಹೊಸ ಕಡತ ಬರೆಯುತ್ತವೆ. ಆಗ ಸಿಂಕ್ ಸದ್ದಿಲ್ಲದೆ ನಿಂತುಹೋಗುತ್ತೆ, ತಿಂಗಳಾದರೂ ಗೊತ್ತಾಗಲ್ಲ. ಗ್ನೋಮ್ ಬಳಸುವವರ ಕನ್ನಡ ಕೀಲಿಮಣೆಯ ಆಯ್ಕೆ ಡಿಕಾನ್ಫ್ ಎಂಬ ಬೈನರಿ ಕಡತದಲ್ಲಿ ಕೂತಿರುತ್ತೆ. ಅದನ್ನು ಹಾಗೇ ಸಿಂಕ್‌ಗೆ ಹಾಕಬೇಡಿ. ‘ಡಿಕಾನ್ಫ್ ಡಂಪ್’ ಆಜ್ಞೆಯಿಂದ ಪಠ್ಯವಾಗಿ ತೆಗೆದಿಟ್ಟುಕೊಳ್ಳಿ.

ನೆಟ್‌ವರ್ಕ್ ಇಲ್ಲದಾಗ ಎರಡೂ ಕಡೆ ತಿದ್ದಿದರೆ ಡ್ರಾಪ್‌ಬಾಕ್ಸ್ ಒಂದನ್ನು ‘ಸಂಘರ್ಷದ ಪ್ರತಿ’ ಅಂತ ಪಕ್ಕಕ್ಕಿಡುತ್ತೆ. ಆ್ಯಪ್ ಅದನ್ನು ಓದಲ್ಲ, ನೀವೇ ಕೂತು ಸೇರಿಸಬೇಕು. ಇನ್ನೊಂದು ಮಾತು, ಸಿಂಕ್ ಅಂದ್ರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತೆ. ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ ಕಾಯಿ ಹಾಗೆ ಮಾಯ ಆಗಲ್ಲ, ಪುಣ್ಯ!

ನಿಜವಾದ ಅಪಾಯ ಬೇರೆ ಕಡೆ ಇದೆ. ಬಣ್ಣ, ಫಾಂಟ್ ಸೋರಿದರೆ ಯಾರಿಗೇನು? ಆದ್ರೆ ಎಷ್ಟೋ ಕಾನ್ಫಿಗ್ ಕಡತಗಳಲ್ಲಿ ಪಾಸ್‌ವರ್ಡ್, ಲಾಗಿನ್ ಟೋಕನ್, ಇತ್ತೀಚೆಗೆ ತೆರೆದ ಕಡತಗಳ ಪಟ್ಟಿ ಇರುತ್ತೆ. ಒಂದು ಹೋರಾಟದ ಗುಂಪಿನ ಸಾಮಾಜಿಕ ಜಾಲತಾಣ ಖಾತೆ ನೋಡಿಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ. ಗಿಟ್‌ಹಬ್‌ಗೆ ಸಾರ್ವಜನಿಕವಾಗಿ ಹಾಕಿ ಆಮೇಲೆ ಅಳಿಸಿದರೂ ಹಳೇ ಕಮಿಟ್‌ನಲ್ಲಿ ಉಳಿದಿರುತ್ತೆ. ಆ ಟೋಕನ್ ರದ್ದು ಮಾಡೋದೊಂದೇ ದಾರಿ.

ಹಾಗಾಗಿ ಯಾವುದೇ ಸೇವೆ ಆರಿಸುವಾಗ ಕೇಳಬೇಕಾದ ಪ್ರಶ್ನೆ, ಗೂಢಲಿಪಿಯ ಕೀಲಿ ಯಾರ ಹತ್ತಿರ? ಫೈರ್‌ಫಾಕ್ಸ್ ಸಿಂಕ್ ಮಾಹಿತಿಯನ್ನು ನಿಮ್ಮ ಸಾಧನದಲ್ಲೇ ಗೂಢಲಿಪಿ ಮಾಡಿ ಕಳಿಸುತ್ತೆ. ಕ್ರೋಮ್‌ನಲ್ಲಿ ಅದಕ್ಕೆ ನೀವೇ ಬೇರೆ ಪಾಸ್‌ಫ್ರೇಸ್ ಹಾಕಿಕೊಳ್ಳಬೇಕು, ಎಷ್ಟೋ ಜನ ಆ ಸೆಟ್ಟಿಂಗ್ ಕಡೆ ಹೋಗಿಯೇ ಇರಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಗೂಢಲಿಪಿ ಬಿಡಿಸಿಕೊಡಿ ಅಂತ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಕೀಲಿ ಕಂಪನಿ ಹತ್ತಿರ ಇದ್ದರೆ ಅದು ಬಿಡಿಸಿ ಕೊಡಬಲ್ಲದು, ಅದೂ ನಿಮಗೆ ಗೊತ್ತಾಗದಂತೆ.

ಕ್ಲೌಡ್ ಸಹವಾಸವೇ ಬೇಡ ಅನ್ನೋರಿಗೆ ಮುಕ್ತ ತಂತ್ರಾಂಶ ಸಿಂಕ್‌ಥಿಂಗ್ ಇದೆ. ನಡುವೆ ಯಾರ ಸಂಗ್ರಹವೂ ಇಲ್ಲದೆ ಕಡತ ನೇರ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಹೋಗುತ್ತೆ. ಆದ್ರೆ ಎರಡೂ ಒಂದೇ ಹೊತ್ತಿಗೆ ಆನ್ ಇರಬೇಕು. ಅಂದ್ರೆ ಸಂಪಿಗೆಯ ಬಸ್ ಹತ್ತೋ ಮುಂಚೆ ಬೆಂಗಳೂರಿನ ಕಂಪ್ಯೂಟರನ್ನು ಆಫ್ ಮಾಡದೇ ಬರಬೇಕು.