ಕರು ಹಾಕಿತು, ಕಂದು ಹಾಕಿತು

ಬಾಳೆಯ ಬುಡದಲ್ಲಿ ತಾಯಿಗಿಡಕ್ಕೆ ಒತ್ತಿಕೊಂಡು, ಕತ್ತಿಯಂಥ ಕಿರಿದಾದ ಎಲೆ ಚಾಚಿ ಏಳುವ ಮರಿಯನ್ನು ನಾವು ಕಂದು ಎನ್ನುತ್ತೇವೆ. ತಮಿಳಿನ ಕನ್ಱು ಕರುವೂ ಹೌದು, ಎಳೆಗಿಡವೂ ಹೌದು; ತುಳುವಿನ ಕಂಜಿ, ಹಳಗನ್ನಡದ ಕಱು, ನಮ್ಮ ಇಂದಿನ ಕರು, ತೊಟ್ಟಿಲಲ್ಲಿ ಮಲಗಿದ ಕಂದ, ಕಂದಮ್ಮ, ಎಲ್ಲವೂ ಒಂದೇ ಬೇರಿನ ಕುಡಿಗಳು. ಗೆಡ್ಡೆ ಎಂಬರ್ಥದ ಸಂಸ್ಕೃತದ ಕಂದ, ಸ್ಕಂಧಕದಿಂದ ಇಳಿದುಬಂದ ಕಂದಪದ್ಯ, ಇವೆರಡೂ ಬೇರೆ ಮನೆಯವು. ಬಿಸಿಲಿಗೆ ಮುಖ ಕಂದುವುದೂ ಬೇರೆಯೇ.

ಕೊಟ್ಟಿಗೆಯ ಮಾತಿನಲ್ಲಿ ಈ ಪದ ಪಡೆದ ತಿರುವು ನನ್ನನ್ನು ಬಹಳ ಕಾಡಿದೆ. ಹಸು ಕರು ಹಾಕಿತು ಎಂದರೆ ಈಯಿತು, ಮನೆಗೆ ಗಿಣ್ಣಿನ ಸಂಭ್ರಮ. ಕಂದು ಹಾಕಿತು ಎಂದರೆ ಗಬ್ಬ ಇಳಿದುಹೋಯಿತು. ಕ್ರಿಯಾಪದ ಅದೇ, ನಾಮಪದಗಳು ಒಡಹುಟ್ಟಿದವು. ಒಂದು ಬದುಕಿನ ಕಡೆಗೆ, ಇನ್ನೊಂದು ಸಾವಿನ ಕಡೆಗೆ ನಡೆದುಬಿಟ್ಟಿವೆ. ಹೀಗೆ ತುಂಬುಗಬ್ಬ ಇಳಿಸುವ ಬ್ರುಸೆಲ್ಲೋಸಿಸ್‌ಗೆ ನಮ್ಮವರು ಕಂದು ರೋಗ ಎಂದರು.

ಅದನ್ನು ತರುವ ಸೂಕ್ಷ್ಮಜೀವಿಗೆ ಹೆಸರು ಗೊತ್ತಾದ ಬಗೆಯೂ ಪದಪ್ರಿಯರಾದ ನಮಗೆ ಹೇಳಿಮಾಡಿಸಿದಂತಿದೆ. ಜ್ವರದಿಂದ ಮಾಲ್ಟಾದಲ್ಲಿ ಸತ್ತ ಸೈನಿಕರ ಗುಲ್ಮದಲ್ಲಿ ಸೇನಾವೈದ್ಯ ಡೇವಿಡ್ ಬ್ರೂಸ್ ಕಂಡು, 1887ರಲ್ಲಿ ವರದಿ ಮಾಡಿದ ಜೀವಿಗೆ ಮುಂದೆ ಮೈಕ್ರೊಕಾಕಸ್ ಮೆಲಿಟೆನ್ಸಿಸ್ ಎಂಬ ಹೆಸರಾಯಿತು. ಕಾಕಸ್ ಎಂದರೆ ಗ್ರೀಕಿನಲ್ಲಿ ಕಾಳು, ಮೆಲಿಟ ಎಂದರೆ ಮಾಲ್ಟಾದ ಹಳೆಯ ಹೆಸರು. ಹತ್ತು ವರ್ಷದ ಮೇಲೆ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಕಂದು ಹಾಕಿದ ಹಸುಗಳಲ್ಲಿ ಕಂಡದ್ದು ಬ್ಯಾಸಿಲಸ್ ಅಬಾರ್ಟಸ್. ಬ್ಯಾಸಿಲಸ್ ಅಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಕಡ್ಡಿ, ಅಬಾರ್ಟಸ್ ಅಂದರೆ ಹುಟ್ಟು ತಪ್ಪಿದ್ದು. ಒಂದಕ್ಕೆ ಕಾಳೆಂದು, ಇನ್ನೊಂದಕ್ಕೆ ಕಡ್ಡಿಯೆಂದು ಹೆಸರಾದ ಮೇಲೆ, ಒಂದು ಮೇಕೆಹಾಲಿನಿಂದ ಮನುಷ್ಯರಿಗೆ ಬರುವ ಜ್ವರ, ಇನ್ನೊಂದು ದನದ ಕೊಟ್ಟಿಗೆಯ ಪಾಡು ಎಂದಾದ ಮೇಲೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಯೋಚನೆ ಬಹುಕಾಲ ಯಾರಿಗೂ ಬರಲಿಲ್ಲ. ನಿಜಕ್ಕೂ ಅವೆರಡೂ ಕಾಳೂ ಅಲ್ಲದ, ಉದ್ದ ಕಡ್ಡಿಯೂ ಅಲ್ಲದ ಗಿಡ್ಡ ಜೀವಿಗಳು. ಅಮೆರಿಕದ ಅಲಿಸ್ ಇವಾನ್ಸ್ 1918ರಲ್ಲಿ ಇವು ಹತ್ತಿರದ ನಂಟರೆಂದು ತೋರಿಸಿ, ಹಸಿಹಾಲಿನ ಅಪಾಯವನ್ನು ಎಚ್ಚರಿಸಿದರು, ನಂಬಿದವರು ಕಡಿಮೆ. 1922ರಲ್ಲಿ ಆ ಸೋಂಕು ಅವರಿಗೇ ತಗುಲಿತು. ಎರಡಕ್ಕೂ ಬ್ರೂಸನ ಹೆಸರಿನಿಂದ ಬ್ರುಸೆಲ್ಲ ಎಂಬ ಕುಲನಾಮ ಬಂದದ್ದು 1920ರಲ್ಲಿ. ಮಾಲ್ಟಾದ ಮೆಲಿಟೆನ್ಸಿಸ್, ಕೊಟ್ಟಿಗೆಯ ಅಬಾರ್ಟಸ್ ಎರಡೂ ಆ ಕುಲನಾಮದ ಹಿಂದೆ ಪ್ರಭೇದದ ಹೆಸರಾಗಿ ಉಳಿದುಕೊಂಡವು.

ಅಬಾರ್ಟಸ್ ಎಂಬಲ್ಲಿ ಕಾಣುವುದು ತಪ್ಪಿದ ಹುಟ್ಟು. ನಮ್ಮ ಕಂದಿನಲ್ಲಿ, ಬಾಳದಿದ್ದರೂ, ಕರು ಇದೆ. ಇಂದು ನಮ್ಮೂರಿನ ಪಶುವೈದ್ಯರು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳನ್ನಷ್ಟೇ ಆರಿಸಿ, ಹಗ್ಗ ಬಿಗಿಹಿಡಿಸಿ, ಅವುಗಳ ಮುಂದಿನ ಗಬ್ಬಗಳು ನಿಲ್ಲಲೆಂದು ಕಂದು ರೋಗದ ಲಸಿಕೆ ಚುಚ್ಚುತ್ತಾರೆ.