ಜಪಾನಿನ ವೃದ್ಧರ ಆರೈಕೆಯಲ್ಲಿ ಕೃತಕ ಬುದ್ಧಿಮತ್ತೆ

ಊಟ, ಸ್ನಾನ, ಶೌಚ, ಓಡಾಟ ಮೊದಲಾದ ನಿತ್ಯಕರ್ಮಗಳಿಗೆ ಇತರರನ್ನು ಅವಲಂಬಿಸಿರುವ ಹಿರಿಯರ ಶುಶ್ರೂಷೆಗೆ ಜಪಾನಿನಲ್ಲಿ ಸಂವೇದಕಗಳು, ದತ್ತಾಂಶ ವ್ಯವಸ್ಥೆಗಳು ಮತ್ತು ರೋಬಾಟ್‌ಗಳು ಬಳಕೆಯಲ್ಲಿವೆ. ಇವುಗಳಲ್ಲಿ ಕೆಲವು ಯಂತ್ರಕಲಿಕೆಯನ್ನು ಆಧರಿಸಿದರೆ, ಕೆಲವು ಸರಳ ಗಣಕ ಲೆಕ್ಕಾಚಾರವನ್ನು ಆಧರಿಸಿವೆ. ರೋಗಿಯ ಸ್ಥಿತಿಯನ್ನು ಗಮನಿಸಿ ಸೂಚನೆ ನೀಡುವುದು ಇವುಗಳ ಮುಖ್ಯ ಕಾರ್ಯ. ಆರೈಕೆಯ ನಿರ್ಧಾರ ಮತ್ತು ದೈಹಿಕ ಶುಶ್ರೂಷೆ ಬಹುಮಟ್ಟಿಗೆ ಸಿಬ್ಬಂದಿಯ ಹೊಣೆಯಾಗಿಯೇ ಉಳಿದಿವೆ.

ಹಿನ್ನೆಲೆ

2023ರಲ್ಲಿ ಜಪಾನಿನ ಜನಸಂಖ್ಯೆಯ ಸುಮಾರು ಶೇ. 29ರಷ್ಟು ಜನರು 65 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನವರಾಗಿದ್ದರು. ದೀರ್ಘಕಾಲೀನ ಆರೈಕೆ ವಿಮಾ ಕಾಯ್ದೆಯು 1997ರಲ್ಲಿ ಅಂಗೀಕಾರವಾಗಿ 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಇದರನ್ವಯ 40 ವರ್ಷ ತುಂಬಿದವರು ವಿಮಾ ಕಂತನ್ನು ಪಾವತಿಸುತ್ತಾರೆ. ಸ್ಥಳೀಯಾಡಳಿತ ಸಂಸ್ಥೆಗಳು ವಿಮೆಯನ್ನು ನಿರ್ವಹಿಸುತ್ತವೆ. ಆರೈಕೆ ಸಿಬ್ಬಂದಿಯ ಕೊರತೆಯನ್ನು ಎದುರಿಸಲು ಸರ್ಕಾರವು 2012ರಲ್ಲಿ ಆರೈಕೆ ರೋಬಾಟ್‌ಗಳ ಆದ್ಯತಾ ಕ್ಷೇತ್ರಗಳನ್ನು ಗುರುತಿಸಿತು. ಮುಂದೆ ಈ ಪಟ್ಟಿಯನ್ನು ಹಲವು ಬಾರಿ ಪರಿಷ್ಕರಿಸಲಾಯಿತು.

ಅವಲಂಬನೆಯ ಮಾಪನ

ವಿಮೆಯ ಸೌಲಭ್ಯ ಕೋರುವ ವ್ಯಕ್ತಿಯ ಸ್ಥಿತಿಯನ್ನು 74 ಅಂಶಗಳ ಸಮೀಕ್ಷೆಯ ಮೂಲಕ ದಾಖಲಿಸಲಾಗುತ್ತದೆ. ಗಣಕವು ಈ ಉತ್ತರಗಳಿಂದ ಆ ವ್ಯಕ್ತಿಗೆ ಬೇಕಾಗುವ ಆರೈಕೆಯ ಪ್ರಮಾಣವನ್ನು ನಿಮಿಷಗಳಲ್ಲಿ ಅಂದಾಜಿಸುತ್ತದೆ. ಈ ಅಂದಾಜು 110 ನಿಮಿಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅದು ಅತಿ ಹೆಚ್ಚಿನ ಅವಲಂಬನೆಯನ್ನು ಸೂಚಿಸುವ 5ನೇ ಆರೈಕೆ ಹಂತಕ್ಕೆ ಸೇರುತ್ತದೆ. ಇದು ಅಂತಿಮ ತೀರ್ಮಾನವಲ್ಲ. ತಜ್ಞರ ಸಮಿತಿಯು ವೈದ್ಯರ ಅಭಿಪ್ರಾಯವನ್ನೂ ಪರಿಶೀಲಿಸಿ ಹಂತವನ್ನು ನಿರ್ಣಯಿಸುತ್ತದೆ. ಈ ಲೆಕ್ಕಾಚಾರವು ಅಂಕಿಅಂಶಗಳ ಮಾದರಿಯೇ ಹೊರತು ಇಂದಿನ ಅರ್ಥದ ಕೃತಕ ಬುದ್ಧಿಮತ್ತೆಯಲ್ಲ. ಆದರೆ ಯಂತ್ರದ ಅಂದಾಜನ್ನು ಮನುಷ್ಯರು ಮರುಪರಿಶೀಲಿಸುವ ಪದ್ಧತಿಗೆ ಇದೊಂದು ಹಳೆಯ ನಿದರ್ಶನ.

ಪ್ರಮುಖ ಬಳಕೆಗಳು

ರಾತ್ರಿಯ ನಿಗಾ: ಹಾಸಿಗೆಯ ಕೆಳಗೆ ಇರಿಸುವ ಸಂವೇದಕವು ದೇಹದ ಚಲನೆ, ಉಸಿರಾಟ ಮತ್ತು ಹೃದಯ ಬಡಿತವನ್ನು ಗ್ರಹಿಸಿ, ವ್ಯಕ್ತಿಯು ನಿದ್ರಿಸುತ್ತಿರುವನೇ, ಎಚ್ಚರವಾಗಿರುವನೇ ಅಥವಾ ಹಾಸಿಗೆ ಬಿಟ್ಟು ಎದ್ದಿರುವನೇ ಎಂಬುದನ್ನು ತಿಳಿಸುತ್ತದೆ. ಇದರಿಂದ ಮಲಗಿದವರನ್ನು ಎಬ್ಬಿಸದೆ ಗಮನಿಸಲು ಮತ್ತು ಎಚ್ಚರವಿರುವ ಹೊತ್ತು ನೋಡಿಕೊಂಡು ಬಟ್ಟೆ ಬದಲಿಸಲು ಅವಕಾಶವಾಗುತ್ತದೆ. ಆರೈಕೆ ವಿಮಾ ವ್ಯವಸ್ಥೆಯಡಿ ವೃದ್ಧರನ್ನು ಹಾಸಿಗೆಗೆ ಕಟ್ಟಿಹಾಕುವಂತಹ ದೈಹಿಕ ನಿರ್ಬಂಧಗಳು ತುರ್ತು ಸಂದರ್ಭಗಳ ಹೊರತಾಗಿ ನಿಷಿದ್ಧ. ಆದ್ದರಿಂದ ಬೀಳುವ ಅಪಾಯವನ್ನು ನಿರ್ಬಂಧವಿಲ್ಲದೆ ತಗ್ಗಿಸುವ ಉಪಾಯವಾಗಿಯೂ ಈ ಸಾಧನಗಳನ್ನು ಬಳಸಲಾಗುತ್ತದೆ.

ಮೂತ್ರ ವಿಸರ್ಜನೆಯ ಮುನ್ಸೂಚನೆ: ಕಿಬ್ಬೊಟ್ಟೆಗೆ ಅಂಟಿಸುವ ಸಣ್ಣ ಅಲ್ಟ್ರಾಸೌಂಡ್ ಸಾಧನವು ಮೂತ್ರಕೋಶ ಎಷ್ಟು ತುಂಬಿದೆ ಎಂಬುದನ್ನು ಅಂದಾಜಿಸುತ್ತದೆ. ಸಕಾಲದಲ್ಲಿ ಶೌಚಾಲಯಕ್ಕೆ ಕರೆದೊಯ್ದರೆ ಡೈಪರ್‌ನ ಅವಲಂಬನೆ ಕಡಿಮೆಯಾಗುತ್ತದೆ. ವೃದ್ಧರ ಘನತೆಯೂ ಉಳಿಯುತ್ತದೆ. 2022ರಿಂದ ಇಂತಹ ಸಾಧನಗಳನ್ನು ಕೊಳ್ಳಲು ಆರೈಕೆ ವಿಮೆಯ ನೆರವು ದೊರೆಯುತ್ತಿದೆ.

ಒಡನಾಟ: ತಕಾನೊರಿ ಶಿಬಾತಾ ಅವರು ರೂಪಿಸಿದ ಪಾರೊ ಎಂಬ ರೋಬಾಟ್ ಸೀಲ್ ಮರಿಯ ಆಕಾರದಲ್ಲಿದೆ. ಸ್ಪರ್ಶ, ಬೆಳಕು ಮತ್ತು ಧ್ವನಿಗೆ ಪ್ರತಿಕ್ರಿಯಿಸುವ ಇದನ್ನು ಡಿಮೆನ್ಷಿಯಾ ಇರುವವರನ್ನು ಸಂತೈಸಲು ಬಳಸುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಇದನ್ನು ವೈದ್ಯಕೀಯ ಸಾಧನವೆಂದು ಪರಿಗಣಿಸಿತು.

ದತ್ತಾಂಶ ಸಂಗ್ರಹ: 2021ರಲ್ಲಿ ಆರಂಭವಾದ 'ಲೈಫ್' ಎಂಬ ರಾಷ್ಟ್ರೀಯ ವ್ಯವಸ್ಥೆಗೆ ಆರೈಕೆ ಕೇಂದ್ರಗಳು ನಿವಾಸಿಗಳ ದೈನಂದಿನ ಸಾಮರ್ಥ್ಯ, ಪೋಷಣೆ, ಬಾಯಿಯ ಆರೋಗ್ಯ ಮುಂತಾದ ವಿವರಗಳನ್ನು ಸಲ್ಲಿಸುತ್ತವೆ. ಅದರ ವಿಶ್ಲೇಷಣೆಯನ್ನು ಕೇಂದ್ರಗಳಿಗೆ ಹಿಂದಿರುಗಿಸಲಾಗುತ್ತದೆ.

ಸಿಬ್ಬಂದಿ ನಿಯಮಗಳ ಮೇಲಿನ ಪರಿಣಾಮ

ಎಲ್ಲ ನಿವಾಸಿಗಳಿಗೂ ನಿಗಾ ಸಾಧನ ಅಳವಡಿಸುವುದೂ ಸೇರಿದಂತೆ ಹಲವು ಷರತ್ತುಗಳಿಗೆ ಒಳಪಟ್ಟು, 2021ರಲ್ಲಿ ಕೆಲವು ಬಗೆಯ ಆರೈಕೆ ಕೇಂದ್ರಗಳ ರಾತ್ರಿ ಪಾಳಿಯ ಸಿಬ್ಬಂದಿ ನಿಯಮವನ್ನು ಸಡಿಲಿಸಲಾಯಿತು. 2024ರ ಪರಿಷ್ಕರಣೆಯಲ್ಲಿ, ತಂತ್ರಜ್ಞಾನವನ್ನು ಬಳಸುವ ಕೆಲವು ವೃದ್ಧಾಶ್ರಮಗಳಿಗೆ ಮೂವರು ನಿವಾಸಿಗಳಿಗೆ ಒಬ್ಬ ಸಿಬ್ಬಂದಿಯ ಬದಲು 0.9 ಸಿಬ್ಬಂದಿಯ ಪ್ರಮಾಣವನ್ನು ಷರತ್ತುಬದ್ಧವಾಗಿ ಅನುಮತಿಸಲಾಯಿತು. ಯಂತ್ರಗಳಿಂದ ಉಳಿಯುವ ಸಮಯವು ವೃದ್ಧರ ಬಳಿ ಕಳೆಯುವ ಸಮಯವಾಗಬೇಕೇ ಅಥವಾ ಸಿಬ್ಬಂದಿಯ ಕಡಿತಕ್ಕೆ ಆಧಾರವಾಗಬೇಕೇ ಎಂಬ ಚರ್ಚೆಗೆ ಈ ನಿಯಮಗಳು ನೇರವಾಗಿ ಸಂಬಂಧಿಸಿವೆ.

ಮಿತಿಗಳು ಮತ್ತು ನೈತಿಕ ಪ್ರಶ್ನೆಗಳು

ಮಾನವಶಾಸ್ತ್ರೀಯ ಕ್ಷೇತ್ರಕಾರ್ಯ ನಡೆಸಿದ ಜೇಮ್ಸ್ ರೈಟ್ ಅವರ 'ರೋಬಾಟ್ಸ್ ವೋಂಟ್ ಸೇವ್ ಜಪಾನ್' (2023) ಎಂಬ ಕೃತಿಯು ಆರೈಕೆ ಕೇಂದ್ರವೊಂದರಲ್ಲಿ ರೋಬಾಟ್‌ಗಳ ಬಳಕೆಯನ್ನು ಪರಿಶೀಲಿಸುತ್ತದೆ. ಯಂತ್ರಗಳನ್ನು ಸಾಗಿಸುವುದು, ಸ್ವಚ್ಛಗೊಳಿಸುವುದು, ಬಳಕೆಯ ವೇಳೆ ಕಾಯುವುದು ಸಿಬ್ಬಂದಿಗೆ ಹೆಚ್ಚುವರಿ ಕೆಲಸವಾಯಿತೆಂದು ಅದು ದಾಖಲಿಸಿದೆ.

ಸುಳ್ಳು ಎಚ್ಚರಿಕೆಗಳು ಮತ್ತೆ ಮತ್ತೆ ಮೊಳಗಿದರೆ ಸಿಬ್ಬಂದಿಯ ಗಮನ ಕುಗ್ಗುತ್ತದೆ. ಸಂಕೇತ ಬಂದರೂ ಕೊಠಡಿಗೆ ತಲುಪುವವರಿಲ್ಲದಿದ್ದರೆ ಬೀಳುವಿಕೆ ತಪ್ಪುವುದಿಲ್ಲ. ನೋವು, ಭಯ, ಒಂಟಿತನ ಮುಂತಾದವು ಸಂವೇದಕದ ಅಂಕಿಗಳಲ್ಲಿ ಪೂರ್ಣವಾಗಿ ಕಾಣಿಸುವುದಿಲ್ಲ. ಮಾತನಾಡಲಾಗದ ರೋಗಿಯ ಮುಖಭಾವವನ್ನು ಓದುವುದು, ಹಾಸಿಗೆ ಹುಣ್ಣು ಆಗದಂತೆ ಮಗ್ಗುಲು ಬದಲಿಸುವುದು, ತುತ್ತು ಗಂಟಲಲ್ಲಿ ಸಿಲುಕದಂತೆ ನಿಧಾನವಾಗಿ ಉಣಿಸುವುದು ಅನುಭವಿ ಶುಶ್ರೂಷಕರ ಕೆಲಸವಾಗಿಯೇ ಉಳಿದಿದೆ.

ಸತತ ನಿಗಾವು ಖಾಸಗಿತನದ ಪ್ರಶ್ನೆಯನ್ನೂ ಎತ್ತುತ್ತದೆ. ಡಿಮೆನ್ಷಿಯಾದಿಂದ ನಿರ್ಧಾರ ಸಾಮರ್ಥ್ಯ ಕುಂದಿದವರ ಪರವಾಗಿ ಸಾಮಾನ್ಯವಾಗಿ ಕುಟುಂಬದವರು ಸಮ್ಮತಿ ನೀಡುತ್ತಾರೆ. ಆದರೆ ಕುಟುಂಬವು ಬಯಸುವ ಸುರಕ್ಷತೆ ಮತ್ತು ವೃದ್ಧರು ಬಯಸುವ ಏಕಾಂತ ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಆಗಿರುವುದಿಲ್ಲ.